ನಕಲ್ ಒಳಗೆ ನೀರು

ಫೋರ್ ವೀಲ್ ಡ್ರೈವ್ ಇರುವ ಹಳೆಯ ಗಾಡಿಗಳ ಮುಂದಿನ ಅಚ್ಚಿನ ಬಗ್ಗೆ ಬಾನುಲಿಯಲ್ಲಿ ಮಾತಾಡುವುದು ಒಂದು ರೀತಿಯಲ್ಲಿ ಅನುಕೂಲವೇ. ಇಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ, ನಿಜ. ಆದರೆ ಆ ಅಚ್ಚಿನ ಕೀಲುಗಳ ಕಾಯಿಲೆ ಕಣ್ಣಿಗಿಂತ ಮೊದಲು ಕಿವಿಗೂ ಕೈಗೂ ತಿಳಿಯುವಂಥದ್ದು. ಯಲಹಂಕದ ಕಡೆಯಿಂದ ಬಳ್ಳಾರಿ ರಸ್ತೆಯಲ್ಲಿ ಬಂದ ಹಳೆಯ ಜಿಪ್ಸಿಯೊಂದು ಹೆಬ್ಬಾಳದ ಫ್ಲೈಓವರ್ ಹತ್ತಿ, ಎರಡು ಕಾಂಕ್ರೀಟ್ ಹಾಸುಗಳ ನಡುವಿನ ಸಂದನ್ನು ದಾಟುತ್ತದೆ ಅನ್ನಿ. ಸರಿಯಾಗಿರುವ ಗಾಡಿಯಲ್ಲಿ ‘ಟಕ್’ ಎಂಬ ಒಂದು ಸದ್ದು, ಮುಗಿಯಿತು. ಕೀಲು ಸವೆದ ಗಾಡಿಯಲ್ಲಿ ಆ ಟಕ್ಕಿನ ಬೆನ್ನಿಗೇ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರುವಾಗುತ್ತದೆ. ಬಿಗಿಯಾಗಿ ಹಿಡಿದಷ್ಟೂ ಮೊಣಕೈವರೆಗೆ ನಡುಕ. ವೇಗ ಪೂರ್ತಿ ಇಳಿಸಿದ ಮೇಲಷ್ಟೇ ಅದು ತಣ್ಣಗಾಗುತ್ತದೆ. ಗ್ಯಾರೇಜಿನವರು ಇದಕ್ಕೆ ವಾಬ್ಲಿಂಗ್ ಅನ್ನುತ್ತಾರೆ. ಮಾರನೆಯ ದಿನ ಗಾಡಿ ಯಶವಂತಪುರದ ಯಾವುದೋ ಗ್ಯಾರೇಜಿನಲ್ಲಿ ನಿಂತಿರುತ್ತದೆ. ಮಾಲೀಕರು ಕಲಾಸಿಪಾಳ್ಯಕ್ಕೋ ಜೆ.ಸಿ. ರಸ್ತೆಗೋ ಹೋಗಿ ಸ್ಟೇರಿಂಗ್ ಡ್ಯಾಂಪರ್ ತರುತ್ತಾರೆ. ಅದರಿಂದ ಒಂದು ತಿಂಗಳು ನೆಮ್ಮದಿ. ಆಮೇಲೆ ಟೈ ರಾಡ್ ಎಂಡ್, ಆಮೇಲೆ ಟೈರು, ಆಮೇಲೆ ‘ಮುಂದಿನ ಆಕ್ಸಲ್‌ನೇ ಅಪ್‌ಗ್ರೇಡ್ ಮಾಡಿಸಿಬಿಡೋಣ ಸಾರ್’ ಎಂಬ ಸಲಹೆ. ಈ ಸರಣಿಯಲ್ಲಿ ಖರ್ಚಿನ ಪಟ್ಟಿ ಬೆಳೆಯುತ್ತದೆ, ಕಾರಣದ ವಿಚಾರಣೆ ಮಾತ್ರ ನಡೆಯುವುದೇ ಇಲ್ಲ. ಇಂದು ನಾನು ವಾದಿಸಬೇಕೆಂದಿರುವುದು ಇಷ್ಟು: ಈ ಕೀಲುಗಳು ಬಲ ಸಾಲದೆ ಸಾಯುವುದು ಅಪರೂಪ, ಒಳಗೆ ನೀರು, ಮಣ್ಣು ಸೇರಿ ಸಾಯುತ್ತವೆ, ಇಲ್ಲವೇ ಅಳತೆಯಿಲ್ಲದೆ ಬಿಗಿದದ್ದರಿಂದ ಸಾಯುತ್ತವೆ. ಹಾಗಾಗಿ ಅಪ್‌ಗ್ರೇಡ್ ಎಂಬ ಮಾತಿಗೆ ಏನಾದರೂ ಅರ್ಥವಿದ್ದರೆ, ಅದು ಗಟ್ಟಿ ಉಕ್ಕಿನಲ್ಲಿಲ್ಲ, ರಬ್ಬರಿನ ಸೀಲಿನಲ್ಲಿದೆ.

ಯಾವ ಗಾಡಿಗಳ ಮಾತು ಇದು? ಮೊದಲನೆಯದು ಜೀಪು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿದ ಮಹೀಂದ್ರ ಕಂಪನಿ, ಮುಂದೆ ಎಂಎಂ 540, ಮೇಜರ್ ಮುಂತಾದ ಹೆಸರುಗಳಲ್ಲಿ ಅದೇ ವಂಶವನ್ನು ಬೆಳೆಸಿತು. ಎರಡನೆಯದು 1985ರಲ್ಲಿ ಬಂದ ಮಾರುತಿ ಜಿಪ್ಸಿ. ಸೇನೆ, ಪೊಲೀಸು, ಅರಣ್ಯ ಇಲಾಖೆಗಳಲ್ಲಿ ದುಡಿದು, ಹರಾಜಿನಲ್ಲಿ ಕೈ ಬದಲಾಯಿಸಿ, ಇವತ್ತಿಗೂ ಓಡುತ್ತಿರುವ ಗಾಡಿ. ವಾಯುನೆಲೆ, ಅರೆಸೇನಾ ಪಡೆಗಳ ಆವರಣಗಳಿರುವ ಯಲಹಂಕಕ್ಕೆ ಜಿಪ್ಸಿಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ತೋಟಗಳಿಗೆ ಗೊಬ್ಬರ, ಪೈಪು, ಸಸಿ ಸಾಗಿಸುವ ಹಳೆಯ ಜೀಪುಗಳೂ ಈ ಭಾಗದ ಗ್ಯಾರೇಜುಗಳಿಗೆ ಬರುತ್ತವೆ. ಇವೆರಡರಲ್ಲೂ ಮುಂದಿನ ಅಚ್ಚು ಒಂದೇ ಇಡಿಯಾದ ಕೊಳವೆ. ಕೆಳಗೆ ಪಟ್ಟಿ ಸ್ಪ್ರಿಂಗು. ಕೊನೆಯಲ್ಲಿ ಚಕ್ರ ತಿರುಗುವ ಕೀಲು. 2010ರಲ್ಲಿ ಬಂದ ಸಿಆರ್‌ಡಿಇ ಥಾರ್‌ನಂಥವುಗಳಲ್ಲಿ ಮುಂದಿನ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುತ್ತವೆ, ಅಲ್ಲಿ ಆ ಕೀಲಿಗೆ ಕಿಂಗ್ ಪಿನ್ ಎಂಬ ಗೂಟದ ಬದಲು ಬಾಲ್ ಜಾಯಿಂಟ್ ಇರುತ್ತದೆ. ಮುಂದೆ ಹೇಳಲಿರುವ ಪರೀಕ್ಷೆಯ ತರ್ಕ ಅಲ್ಲೂ ಒಂದೇ. ಒಂದೇ ಎಚ್ಚರವೆಂದರೆ ತೂಕ ಹೊತ್ತಿರುವ ತೋಳಿನ ಕೆಳಗೆ ಜಾಕ್ ಕೊಡಬೇಕು. ಚಾಸಿಗೆ ಕೊಟ್ಟು ಎತ್ತಿದರೆ ಸವೆದ ಬಾಲ್ ಜಾಯಿಂಟ್ ಕೂಡ ಬಿಗಿಯಾಗಿರುವಂತೆ ನಟಿಸುತ್ತದೆ.

ನಮ್ಮ ಹಿರಿಯರಿಗೆ ಅಚ್ಚು ಮತ್ತು ಕೀಲು ಹೊಸ ವಿದ್ಯೆಯಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಹಾಕುತ್ತಿದ್ದರು. ಗಾಡಿಯ ಜೊತೆಯಲ್ಲೇ ಅದರ ಗೊಟ್ಟವೂ ಸಾಗುತ್ತಿತ್ತು. ಅಲ್ಲಿ ಎಣ್ಣೆ ಹೊರಗೆ ಕಾಣುತ್ತದೆ, ಒಣಗಿದರೆ ಗಾಡಿ ಕಿರುಗುಟ್ಟಿ ಕೇಳುತ್ತದೆ. ಜಿಪ್ಸಿಯ ಕೀಲೆಣ್ಣೆ ಒಳಗೆ ಮುಚ್ಚಿಕೊಂಡಿರುವುದರಿಂದಲೇ ತೊಂದರೆ. ಅಚ್ಚಿನ ಕೊಳವೆಯ ತುದಿಯಲ್ಲಿ ಸುಲಿದ ತೆಂಗಿನಕಾಯಿಯ ಗಾತ್ರದ ಒಂದು ಟೊಳ್ಳು ಉಂಡೆ ಇದೆ. ಆ ಉಂಡೆಯನ್ನು ಹೊರಗಿನಿಂದ ಅಪ್ಪಿಕೊಂಡಂತೆ ನಕಲ್ ಕೂರುತ್ತದೆ. ನಕಲ್ ಅಂದರೆ ಇಂಗ್ಲಿಷಿನವರ ಬೆರಳ ಗೆಣ್ಣು, ನಮ್ಮ ನಕಲು ಅಲ್ಲ. ಆದರೆ ಆ ನಕಲಿಯ ಮಾತೂ ಮುಂದೆ ಬರಲಿದೆ. ನಕಲ್‌ನ ಮೇಲೊಂದು ಕೆಳಗೊಂದು ಕಿಂಗ್ ಪಿನ್, ಒಂದೊಂದಕ್ಕೂ ಓರೆ ರೋಲರಿನ ಒಂದು ಪುಟ್ಟ ಬೇರಿಂಗ್. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಈ ಎರಡು ಬೇರಿಂಗುಗಳ ಮೇಲೆ. ಉಂಡೆಯ ಹೊಟ್ಟೆಯೊಳಗೆ ಇನ್ನೊಂದು ಕೀಲು: ಚಕ್ರ ಎತ್ತ ತಿರುಗಿದ್ದರೂ ಇಂಜಿನ್ನಿನ ಶಕ್ತಿಯನ್ನು ಅದಕ್ಕೆ ಮುಟ್ಟಿಸುವ ಜಾಯಿಂಟ್. ಪ್ರೊಪೆಲರ್ ಶಾಫ್ಟಿನಲ್ಲಿರುವಂಥ ಸಾದಾ ಕ್ರಾಸ್ ಇಲ್ಲಿ ಸಾಲದು. 30 ಡಿಗ್ರಿ ಬಾಗಿದಾಗ ಕ್ರಾಸ್‌ನ ಆಚೆ ತುದಿ ಒಂದೇ ಸುತ್ತಿನಲ್ಲಿ ಎರಡು ಸಲ ಸುಮಾರು ಶೇಕಡ 15ರಷ್ಟು ವೇಗ ಹೆಚ್ಚಿಸಿಕೊಂಡು, ಎರಡು ಸಲ ಹೆಚ್ಚುಕಡಿಮೆ ಅಷ್ಟೇ ಕಳೆದುಕೊಳ್ಳುತ್ತದೆ; ಸ್ಟೇರಿಂಗ್ ಹಿಡಿದವರ ಕೈಗೆ ಅದು ಮಿಡಿತವಾಗಿ ಬರುತ್ತದೆ. 1920ರ ದಶಕದಲ್ಲಿ ಇದಕ್ಕೆ ಆರು ಗುಂಡುಗಳ ಜಾಯಿಂಟಿನ ಪರಿಹಾರ ಕಂಡವನು ಆಲ್‌ಫ್ರೆಡ್ ರೆಜ಼ೆಪ್ಪಾ. ಹೆಸರು ಕೇಳಿ ನಮ್ಮ ಕಡೆಯ ರುದ್ರಪ್ಪನ ತಮ್ಮ ಅನ್ನಿಸಿದರೆ ತಪ್ಪಿಲ್ಲ. ಆತ ಫೋರ್ಡ್ ಕಂಪನಿಯ ಇಂಜಿನಿಯರ್. ಬಾಗಿದ ಎರಡು ಶಾಫ್ಟುಗಳ ನಡುವಿನ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲಿ ಗುಂಡುಗಳು ಯಾವಾಗಲೂ ನಿಲ್ಲುವಂತೆ ಆತ ಗುಂಡು ಉರುಳುವ ತೋಡುಗಳನ್ನು ಕೊರೆಸಿದ. ಜಿಪ್ಸಿಯಲ್ಲಿರುವುದು ಆ ವಂಶದ ಬರ್‌ಫೀಲ್ಡ್ ಜಾಯಿಂಟ್.

ಹೀಗೆ ಒಂದೇ ಉಂಡೆಯ ಸುತ್ತ ಎರಡು ಕೀಲು, ಹೊರಗೆ ಹಬ್ಬಿನ ಬೇರಿಂಗು, ಪಕ್ಕದಲ್ಲಿ ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕಿನ ತುದಿಗಳು. ಇವುಗಳಲ್ಲಿ ಯಾವುದು ಸವೆದರೂ ಚಾಲಕನಿಗೆ ಸಿಗುವ ಸುದ್ದಿ ಒಂದೇ: ‘ಮುಂದೆ ಪ್ಲೇ ಇದೆ.’ ಆದ್ದರಿಂದ ಮೊದಲ ಕೆಲಸ ಆ ಪ್ಲೇ, ಅಂದರೆ ಆ ಸಡಿಲ, ಯಾರ ಮನೆಯದು ಎಂದು ಕಂಡುಹಿಡಿಯುವುದು. ಚಕ್ರಗಳು ನೆಲದ ಮೇಲೇ ಇರಲಿ, ಇಂಜಿನ್ ಆಫ್ ಆಗಿರಲಿ. ಒಬ್ಬರು ಸ್ಟೇರಿಂಗನ್ನು ಗೇಣುದ್ದ ಮಾತ್ರ ಆಚೀಚೆ ಆಡಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ತುದಿಯ ಮೇಲೂ ಬೆರಳಿಡಬೇಕು. ರಾಡು ಚಲಿಸಿ ಅದಕ್ಕೆ ಸೇರಿದ ತೋಳು ಒಂದು ಕ್ಷಣ ತಡವಾಗಿ ಚಲಿಸಿದರೆ ಆ ತುದಿ ಸವೆದಿದೆ. ಚಕ್ರ ಎತ್ತಿಬಿಟ್ಟರೆ ಈ ಪರೀಕ್ಷೆ ಕೆಡುತ್ತದೆ, ಏಕೆಂದರೆ ರಸ್ತೆಯ ಹಿಡಿತ ಇಲ್ಲದಾಗ ಎಲ್ಲವೂ ಒಟ್ಟಿಗೆ ತೇಲುತ್ತವೆ. ಆಮೇಲೆ ಅಚ್ಚಿನ ಕೆಳಗೆ ಜಾಕ್ ಕೊಟ್ಟು ಒಂದು ಚಕ್ರ ಎತ್ತಿ, ಟೈರಿನ ನೆತ್ತಿ ಮತ್ತು ಬುಡ ಹಿಡಿದು ಅಲ್ಲಾಡಿಸಬೇಕು. ಲಟಕ್ ಎಂದಿತೆ? ಈಗ ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಚಕ್ರವೂ ನಕಲ್ಲೂ ಒಂದೇ ತುಂಡಾಗುತ್ತವೆ. ಹಾಗಾಗಿ ಲಟಕ್ ಮಾಯವಾದರೆ ತಪ್ಪು ಹಬ್ಬಿನ ಬೇರಿಂಗಿನದು. ಇನ್ನೂ ಉಳಿದಿದ್ದರೆ ಕಿಂಗ್ ಪಿನ್ನಿನದು. ಒಂದು ಕಾಲು ಬ್ರೇಕಿನ ಮೇಲೆ, ಎರಡು ಕೈ ಟೈರಿನ ಮೇಲೆ, ಐದು ನಿಮಿಷ. ಇಷ್ಟನ್ನು ಮಾಡದೆ ಬೇರಿಂಗ್ ಬದಲಾಯಿಸುವ ಗ್ಯಾರೇಜುಗಳಿವೆ ಎನ್ನುವುದು ನನಗೆ ಯಾವತ್ತಿಗೂ ಅರ್ಥವಾಗದ ಸಂಗತಿ.

ಕಿಂಗ್ ಪಿನ್ ಬೇರಿಂಗ್ ಸವೆಯುವ ಬಗೆ ವಿಚಿತ್ರವಾದದ್ದು, ನನ್ನ ವಾದದ ಮುಖ್ಯ ಸಾಕ್ಷ್ಯವೂ ಅದೇ. ಹಬ್ಬಿನ ಬೇರಿಂಗ್ ದಿನವಿಡೀ ಸುತ್ತುತ್ತದೆ, ಸುತ್ತುತ್ತಲೇ ಗ್ರೀಸನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕಿಂಗ್ ಪಿನ್ನಿನ ಬೇರಿಂಗ್ ತನ್ನ ಜನ್ಮದಲ್ಲೇ ಒಂದು ಪೂರ್ತಿ ಸುತ್ತು ಬರುವುದಿಲ್ಲ. ಹೆಬ್ಬಾಳದಿಂದ ದೇವನಹಳ್ಳಿಯವರೆಗೆ ಗಾಡಿ ನೇರವಾಗಿ ಹೋದರೆ ಆ ರೋಲರುಗಳು ಇದ್ದಲ್ಲೇ ಕೂತು ನಡುಗುತ್ತಿರುತ್ತವೆ. ನಡುಗಿ ನಡುಗಿ ರೋಲರಿನ ಕೆಳಗಿನ ಗ್ರೀಸ್ ಪಕ್ಕಕ್ಕೆ ಸರಿಯುತ್ತದೆ, ಉಕ್ಕಿಗೆ ಉಕ್ಕು ತಾಕುತ್ತದೆ, ಕೆಂಪು ಪುಡಿ ಏಳುತ್ತದೆ. ಬಿಚ್ಚಿ ಒರೆಸಿ ನೋಡಿದರೆ ಕೆಳಗಿನ ಬೇರಿಂಗಿನ ಕಪ್ಪಿನಲ್ಲಿ ಸಮಾನ ಅಂತರದ ಅಡ್ಡ ಗೀಟುಗಳು, ಪ್ರತಿ ರೋಲರಿಗೊಂದು. ಉಗುರು ಆಡಿಸಿದರೆ ಬಾಚಣಿಗೆಯ ಹಲ್ಲಿನಂತೆ ತಾಕುತ್ತವೆ. ಸ್ಟೇರಿಂಗ್ ನೇರವಾಗಿರುವ ಜಾಗದಲ್ಲಿ ರೋಲರುಗಳು ಈ ಗುಳಿಗಳಿಗೆ ಇಳಿದು ಕಚ್ಚಿಕೊಳ್ಳುತ್ತವೆ. ಅಲ್ಲಿಂದ ಕದಲಿಸಲು ತುಸು ಬಲ ಬೇಕು, ಕದಲಿದ ಮೇಲೆ ಹಿಡಿತವೇ ಇಲ್ಲ. ಇದು ಭಾರ ತಾಳದೆ ಆದ ಗಾಯವಲ್ಲ ಎನ್ನುವುದಕ್ಕೆ ಹಳೆಯ ನಿದರ್ಶನವೊಂದಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ರೈಲಿನ ಮೇಲೆ ಸಾಗಿಸಿದ ಹೊಸ ಕಾರುಗಳ ಚಕ್ರದ ಬೇರಿಂಗುಗಳಲ್ಲಿ ಇಂಥವೇ ಗೀಟುಗಳು ಕಂಡವು. ಒಂದು ಮೈಲಿಯೂ ಓಡಿರದ ಕಾರುಗಳು ಅವು! ಓಡಿದ್ದರಿಂದ ಅಲ್ಲ, ಒಂದೇ ಕಡೆ ನಿಂತು ಅದುರಿದ್ದರಿಂದ ಬೇರಿಂಗ್ ಹಾಳಾಗಿತ್ತು. ಹಾಗಾದರೆ ಕಿಂಗ್ ಪಿನ್ನಿಗೆ ಇನ್ನೂ ಗಟ್ಟಿಯಾದ ಉಕ್ಕು ತಂದು ಸಾಧಿಸುವುದೇನು? ಅದಕ್ಕೆ ಬೇಕಾಗಿರುವುದು ಕದಲದ ಗ್ರೀಸ್, ಸರಿಯಾದ ಬಿಗಿ ಮತ್ತು ಒಣ ಮನೆ.

ಒಣ ಮನೆ ಎಂದೆ. ನಕಲ್ ಒಳಗೆ ನೀರು ಹೋಗುವುದು ಕಾಡಿನ ಹೊಳೆ ದಾಟುವವರ ಗಾಡಿಗೆ ಮಾತ್ರ ಎಂಬ ನಂಬಿಕೆ ಇದೆ. ಉತ್ತರ ಬೆಂಗಳೂರಿನಲ್ಲಿ ಕೂತು ಹಾಗೆ ನಂಬುವುದು ಕಷ್ಟ. ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾದದ್ದು 2021ರ ನವೆಂಬರಿನಲ್ಲಿ ಒಮ್ಮೆ, 2024ರ ಅಕ್ಟೋಬರಿನಲ್ಲಿ ಮತ್ತೊಮ್ಮೆ. ಹೆಬ್ಬಾಳದ ಬಳಿಯ ಮಾನ್ಯತಾ ಟೆಕ್ ಪಾರ್ಕಿನ ಸುತ್ತ ಮಳೆಗಾಲದಲ್ಲಿ ನಿಲ್ಲುವ ನೀರನ್ನು ಯಾರೂ ಮರೆತಿಲ್ಲ. ಗಂಟೆಗಟ್ಟಲೆ ಓಡಿ ಬಿಸಿಯಾದ ಅಚ್ಚು ಇಂಥ ನೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ತಣ್ಣಗಾಗಿ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಹೊರಗಿನ ಗಾಳಿ ಬರಬೇಕು. ಅದಕ್ಕೆಂದೇ ಡಿಫರೆನ್ಷಿಯಲ್ ಹೌಸಿಂಗಿನ ನೆತ್ತಿಯಲ್ಲಿ ಉಸಿರುಗೊಳವೆ, ಅಂದರೆ ಬ್ರೀದರ್ ಇದೆ. ಹಳೆಯ ಗಾಡಿಗಳಲ್ಲಿ ಅದು ಕೆಸರು ಮೆತ್ತಿಕೊಂಡು ಮುಚ್ಚಿರುತ್ತದೆ. ಆಗ ಅಚ್ಚು ಎಲ್ಲಿ ಸಡಿಲವೋ ಅಲ್ಲಿಂದ, ಸೀಲುಗಳ ಸಂದಿನಿಂದ, ನೀರನ್ನು ಹೀರಿಕೊಳ್ಳುತ್ತದೆ. ಬಿಸಿಯಾದಾಗ ಇದರ ತಿರುವುಮುರುವು: ಒಳಗಿನ ಒತ್ತಡ ಹೆಚ್ಚಿ ಡಿಫರೆನ್ಷಿಯಲ್ಲಿನ 90 ನಂಬರ್ ಆಯಿಲ್ ಒಳ ಸೀಲನ್ನು ದಾಟಿ ಉಂಡೆಯೊಳಕ್ಕೆ ನುಗ್ಗಿ ಗ್ರೀಸನ್ನು ಸಾರು ಮಾಡುತ್ತದೆ. ನಕಲ್ ಬಿಚ್ಚಿದ ಕ್ಷಣದಲ್ಲೇ ಇದೆಲ್ಲ ಓದಲು ಸಿಗುತ್ತದೆ. ಗ್ರೀಸ್ ಕಪ್ಪಗೆ, ಗಟ್ಟಿಯಾಗಿ, ನುಣ್ಣಗಿದ್ದರೆ ಕೀಲು ಆರೋಗ್ಯವಾಗಿದೆ. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ತೆಳ್ಳಗೆ ಜಾರುತ್ತಾ, ಗೇರ್ ಆಯಿಲಿನ ಆ ಗಂಧಕದ ಘಾಟು ಹೊಡೆದರೆ ಒಳ ಸೀಲು ಹೋಗಿದೆ. ಬೆರಳಿಗೆ ಮರಳಿನಂತೆ ಸಿಕ್ಕರೆ ಹೊರ ಸೀಲು ಹೋಗಿದೆ. ಎಷ್ಟೋ ಕಡೆ ಈ ಗ್ರೀಸನ್ನು ನೋಡುವ ಮೊದಲೇ ಡೀಸೆಲ್ ಸುರಿದು ತೊಳೆದುಬಿಡುತ್ತಾರೆ. ಪಂಚನಾಮೆಗೆ ಮೊದಲೇ ನೆಲ ಸಾರಿಸಿದ ಹಾಗೆ. ನಕಲ್ ಕೆಳಗಿನಿಂದ ಸೋರುತ್ತಿದೆ ಎಂದು ಹೊರಗಿನ ಸೀಲನ್ನೇ ಮೂರು ಸಲ ಬದಲಾಯಿಸುವವರೂ ಇದೇ ತಪ್ಪಿನ ಫಲ ಉಣ್ಣುತ್ತಿರುತ್ತಾರೆ. ಸೋರುತ್ತಿರುವುದು ಗ್ರೀಸಲ್ಲ, ಆಯಿಲು.

ಒಳಗಿನ ಬರ್‌ಫೀಲ್ಡ್ ಜಾಯಿಂಟಿನ ದೂರು ಬೇರೆ ಬಗೆಯದು. ಫೋರ್ ವೀಲ್ ಹಾಕಿ, ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಮಣ್ಣಿನ ಮೇಲೆ ಮೆಲ್ಲಗೆ ಮುಂದೆ ಬಿಟ್ಟಾಗ ‘ಕಟ್ ಕಟ್ ಕಟ್’ ಎಂದು ಚಕ್ರದ ಸುತ್ತಿಗೆ ತಾಳ ಹಾಕಿದಂತೆ ಕೇಳಿದರೆ ಗುಂಡುಗಳ ತೋಡು ಸವೆದಿದೆ. ಟೂ ವೀಲಿನಲ್ಲಿ, ಚಕ್ರವನ್ನು ಶಾಫ್ಟಿಗೆ ಸೇರಿಸುವ ಹಬ್ ಲಾಕ್ ಬಿಡಿಸಿರುವಾಗ ಆ ಸದ್ದು ಬಂದರೆ ಜಾಯಿಂಟನ್ನು ದೂರಬೇಡಿ, ಅದು ಆಗ ಸುತ್ತುತ್ತಲೇ ಇಲ್ಲ. ಜಾಯಿಂಟನ್ನು ನಿಜವಾಗಿ ಬಲ ಹಾಕಿ ಮುರಿಯುವ ಒಂದು ಅಭ್ಯಾಸವಿದೆ, ಅದನ್ನು ಮುಚ್ಚಿಡುವುದಿಲ್ಲ: ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿಕೊಂಡು ಯು ತಿರುವು ತೆಗೆಯುವುದು. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಮಣ್ಣಾದರೆ ಜಾರಿ ಹೊಂದಿಕೊಳ್ಳುತ್ತವೆ, ಡಾಂಬರು ಜಾರಲು ಬಿಡುವುದಿಲ್ಲ, ಆ ಹಠವೆಲ್ಲ ಕೀಲಿಗೆ ಬರುತ್ತದೆ. ಇದಕ್ಕೆ ಎದುರಾದ ಇನ್ನೊಂದು ತುದಿಯೂ ಇದೆ. ವರ್ಷಗಟ್ಟಲೆ ಹಬ್ ಲಾಕನ್ನು ಮುಟ್ಟದೇ ಇದ್ದರೆ ಜಾಯಿಂಟು ಸುತ್ತುವುದಿಲ್ಲ, ಗ್ರೀಸ್ ತಳಕ್ಕೆ ಇಳಿಯುತ್ತದೆ, ಮೇಲಿನ ಗುಂಡುಗಳು ತುಕ್ಕು ಹಿಡಿಯುತ್ತವೆ. ಆರ್.ಟಿ. ನಗರದ ಅಡ್ಡರಸ್ತೆಯಲ್ಲಿ ಮರದ ಕೆಳಗೆ ಎಲೆ ಹೊದ್ದು ನಿಂತ ಜಿಪ್ಸಿಯ ಕೀಲು, ಗುಡ್ಡ ಹತ್ತುವ ಜಿಪ್ಸಿಯ ಕೀಲಿಗಿಂತ ಮೊದಲು ಹೋಗುವುದುಂಟು. ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ, ಗೇರನ್ನು ಟೂ ವೀಲಿನಲ್ಲೇ ಬಿಟ್ಟು ಕೆಲವು ಕಿಲೋಮೀಟರ್ ಓಡಿಸಿದರೆ ಸಾಕು.

ಇಲ್ಲಿಗೆ ಒಂದು ಆಕ್ಷೇಪ ಬರುತ್ತದೆ, ಅದೂ ಗೌರವಕ್ಕೆ ಅರ್ಹವಾದ ಕಡೆಯಿಂದ. ಮೂವತ್ತು ವರ್ಷ ಕೈಯಲ್ಲಿ ನಕಲ್ ತಿರುಗಿಸಿ ನೋಡಿ ಬಿಗಿ ಹೇಳುವ ಮೇಸ್ತ್ರಿಗಳಿದ್ದಾರೆ; ಅವರಿಗೆ ಅಳತೆಯ ಪಾಠ ಯಾಕೆ? ಆ ಕೈಯ ಜ್ಞಾನವನ್ನು ನಾನು ಅಲ್ಲಗಳೆಯುವುದಿಲ್ಲ. ಪ್ಲೇ ಇದೆಯೋ ಇಲ್ಲವೋ ಎಂಬುದನ್ನು ಆ ಕೈ ನನಗಿಂತ, ನಿಮಗಿಂತ ಚೆನ್ನಾಗಿ ಹೇಳುತ್ತದೆ. ಆದರೆ ಕಿಂಗ್ ಪಿನ್ನಿಗೆ ಬೇಕಾದದ್ದು ಪ್ಲೇ ಇಲ್ಲದಿರುವುದಷ್ಟೇ ಅಲ್ಲ, ಅದಕ್ಕೂ ಒಂದು ಹೆಜ್ಜೆ ಮುಂದಿನ ಬಿಗಿ. ಮತ್ತು ಆ ಬಿಗಿಗೆ ಮೇಲಿನ ಮಿತಿಯೂ ಉಂಟು. ಹೊಸ ಸೀಲು ಉಂಡೆಯನ್ನು ಉಜ್ಜುವಾಗ ಕೈಗೆ ಬಿಗಿಯೆನಿಸುವುದು ಸೀಲಿನದೋ ಬೇರಿಂಗಿನದೋ ಎಂದು ಯಾವ ಕೈಯೂ ಬೇರ್ಪಡಿಸಲಾರದು. ಜಿಪ್ಸಿಯ ವಂಶದ ಸುಜುಕಿ ಗಾಡಿಗಳ ಕೈಪಿಡಿಯಲ್ಲಿ ಇದಕ್ಕೆ ಸರಳ ಉಪಾಯವಿದೆ. ಉಂಡೆಯ ಸೀಲು ಕೂರಿಸುವ ಮೊದಲು, ಟೈ ರಾಡ್ ಕಳಚಿ, ಅದು ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆಯುವುದು. ನಕಲ್ ಕದಲುವ ಕ್ಷಣದಲ್ಲಿ ಮುಳ್ಳು ಸುಮಾರು 1 ಕೆ.ಜಿ.ಯಿಂದ 2 ಕೆ.ಜಿ.ಯೊಳಗೆ ನಿಲ್ಲಬೇಕು. ಹಳೆಯ ಪೇಪರ್ ಕೊಳ್ಳುವವರು ಕೈಯಲ್ಲಿ ಹಿಡಿದು ಬರುತ್ತಾರಲ್ಲ, ಅದೇ ಜಾತಿಯ ತಕ್ಕಡಿ. ಆದರೆ 5 ಕೆ.ಜಿ.ಯೊಳಗಿನ, ಸಣ್ಣ ಗೀಟುಗಳದ್ದು ಇರಲಿ. ಮುಳ್ಳು ಕಡಿಮೆ ತೋರಿಸಿದರೆ ಕಿಂಗ್ ಪಿನ್ನಿನ ನಾಲ್ಕು ಬೋಲ್ಟು ಬಿಚ್ಚಿ ಅದರ ಕೆಳಗಿನ ಕಾಗದದಂಥ ಶಿಮ್ ಒಂದನ್ನು ತೆಗೆಯಬೇಕು, ಹೆಚ್ಚು ತೋರಿಸಿದರೆ ಒಂದನ್ನು ಸೇರಿಸಬೇಕು. ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಶಿಮ್ಮಿಗೆ ಮುಳ್ಳು ಎಷ್ಟು ಓಡುತ್ತದೆ ಎಂದು ಒಮ್ಮೆ ನೋಡಿದ ಮೇಸ್ತ್ರಿ ಆ ತಕ್ಕಡಿಯನ್ನು ಮತ್ತೆ ಕೆಳಗಿಡುವುದಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಬಿಗಿದ ನಕಲ್ ಮೊದಲ ವಾರ ವಾಬ್ಲಿಂಗನ್ನು ನಿಲ್ಲಿಸಿ ಹೆಸರು ಗಳಿಸುತ್ತದೆ. ಆಮೇಲೆ ಅದೇ ಬಿಗಿ ಬೇರಿಂಗನ್ನು ಅಗಿಯುತ್ತದೆ. ಸ್ಟೇರಿಂಗ್ ಡ್ಯಾಂಪರಿನ ಕಥೆಯೂ ಅದೇ: ಅದು ಕಂಪನದ ಬಾಯಿ ಮುಚ್ಚಿಸುತ್ತದೆಯೇ ಹೊರತು ಅದರ ದೂರನ್ನು ಕೇಳುವುದಿಲ್ಲ.

ಎರಡನೆಯ ಆಕ್ಷೇಪ ಉತ್ಸಾಹಿಗಳದ್ದು. ವಿದೇಶಗಳಲ್ಲಿ ಈ ಅಚ್ಚಿಗೆ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಶಾಫ್ಟು, ಜಾಯಿಂಟು ಸಿಗುತ್ತವೆ. ಒಮ್ಮೆ ಹಾಕಿದರೆ ಮುರಿಯುವ ಭಯವಿಲ್ಲ. ಹಣ ಇದ್ದವರು ಹಾಕಿಸಿದರೆ ತಪ್ಪೇನು? ಬಂಡೆಗಳ ನಡುವೆ ಸ್ಪರ್ಧೆಗೆ ಇಳಿಯುವವರಿಗೆ, ಡಿಫರೆನ್ಷಿಯಲ್ ಲಾಕ್ ಹಾಕಿಸಿದವರಿಗೆ ಅದು ಬೇಕಾಗಬಹುದು. ಅವರು ಕೂಡ ಒಂದು ಲೆಕ್ಕ ಇಟ್ಟುಕೊಳ್ಳಬೇಕು: ಜಾಯಿಂಟು ಮುರಿಯದಿದ್ದರೆ ಆ ಬಲ ಕ್ರೌನ್ ಪಿನಿಯನ್ನಿಗೆ ಹೋಗುತ್ತದೆ, ಅದು ಜಾಯಿಂಟಿಗಿಂತ ದುಬಾರಿ. ಉಳಿದವರ ವಿಷಯದಲ್ಲಿ ಜಾಯಿಂಟಿಗೆ ಹೆಚ್ಚಿನ ಭಾರ ಬಂದದ್ದು ಎಲ್ಲಿಂದ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಟೈರಿನಲ್ಲಿ ಸಿಗುತ್ತದೆ. ಜಿಪ್ಸಿ ಕಿಂಗ್ ಮಾದರಿಯ ಟೈರು 205/70 ಆರ್ 15. ಅದರ ಎತ್ತರ ಲೆಕ್ಕ ಹಾಕಿದರೆ 668 ಮಿ.ಮೀ. ಅಂದಕ್ಕೆಂದು ಹಾಕಿಸುವ 235/75 ಆರ್ 15 ಟೈರಿನ ಎತ್ತರ ಸುಮಾರು 733 ಮಿ.ಮೀ. ಅಂದರೆ ನೆಲದ ಹಿಡಿತ ಅಚ್ಚನ್ನು ತಿರುಚಲು ಬಳಸುವ ಸನ್ನೆಗೋಲು ಶೇಕಡ ಹತ್ತರಷ್ಟು ಉದ್ದವಾಯಿತು. ಅದರ ಮೇಲೆ ಚಕ್ರ ಹೊರಗೆ ಕಾಣಲೆಂದು ಸ್ಪೇಸರ್ ಹಾಕಿದರೆ ರಸ್ತೆಯ ಪ್ರತಿ ಹಂಪೂ ಕಿಂಗ್ ಪಿನ್ನನ್ನು ಇನ್ನಷ್ಟು ದೂರದಿಂದ ಹಿಡಿದು ಜಗ್ಗುತ್ತದೆ. ಉದ್ದನೆಯ ಶ್ಯಾಕಲ್ ಹಾಕಿ ಗಾಡಿ ಎತ್ತಿದರೆ ಕಿಂಗ್ ಪಿನ್ನಿನ ಓರೆ, ಅಂದರೆ ಕ್ಯಾಸ್ಟರ್ ಕೋನ ಬದಲಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕಿನ ಓರೆಯೂ ಕೈಬಿಟ್ಟು ತುಳಿಯಲು ನೆರವಾಗುತ್ತದೆ ಎಂಬುದನ್ನು ನೆನೆಯಿರಿ. ಮೊದಲು ಭಾರ ಹೆಚ್ಚಿಸಿ, ಆಮೇಲೆ ಅದನ್ನು ತಾಳಲು ಉಕ್ಕು ಕೊಳ್ಳುವ ಈ ಕ್ರಮದಲ್ಲಿ ಕಾನೂನೂ ಜೊತೆಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ವಿವರಣೆಗೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹದಿನೈದು ವರ್ಷ ಕಳೆದ ಗಾಡಿ ಐದು ವರ್ಷಕ್ಕೊಮ್ಮೆ ಯಶವಂತಪುರದ ಕೆಎ 04ಕ್ಕೋ ಯಲಹಂಕದ ಕೆಎ 50ಕ್ಕೋ ತಪಾಸಣೆಗೆ ಹೋಗಲೇಬೇಕು. ಅಲ್ಲಿ ದೊಡ್ಡ ಟೈರು ಗಾಡಿಯ ಪರವಾಗಿ ಸಾಕ್ಷಿ ಹೇಳುವುದಿಲ್ಲ.

‘ಹೇಗೂ ಬಿಚ್ಚಿದ್ದೇವೆ, ಎಲ್ಲ ಹೊಸದು ಹಾಕಿಬಿಡೋಣ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಕೂಲಿ ದೊಡ್ಡದು, ಗಾಡಿ ನಿಂತರೆ ದಿನದ ದುಡಿಮೆ ನಿಲ್ಲುತ್ತದೆ, ಎರಡನೆಯ ಸಲ ಬಿಚ್ಚುವುದು ಯಾರಿಗೂ ಬೇಡ. ಸೀಲು ಮತ್ತು ಕಿಂಗ್ ಪಿನ್ ಬೇರಿಂಗುಗಳ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒಂದು ಬದಿಯದು ಹೋಗಿದ್ದರೆ ಎರಡೂ ಬದಿಯದನ್ನು ಹಾಕಿಸಿ. ಆದರೆ ಬರ್‌ಫೀಲ್ಡ್ ಜಾಯಿಂಟಿನ ವಿಷಯದಲ್ಲಿ ಒಪ್ಪುವುದಿಲ್ಲ. ತೊಳೆದು, ಬಾಗಿಸಿ, ತೋಡುಗಳಲ್ಲಿ ಗುಳಿಯಾಗಲಿ ಗುಂಡು ಹಿಡಿಯುವ ಪಂಜರದಲ್ಲಿ ಬಿರುಕಾಗಲಿ ಇಲ್ಲವೆಂದು ಕಂಡರೆ ಕಂಪನಿಯಿಂದ ಬಂದ ಹಳೆಯ ಜಾಯಿಂಟು, ಹೆಸರಿಲ್ಲದ ಡಬ್ಬಿಯಲ್ಲಿ ಬಂದ ಹೊಸದಕ್ಕಿಂತ ಮೇಲು. ಆಗಲೇ ಹೇಳಿದ ನಕಲಿಯ ಮಾತು ಇದೇ. ನಕಲ್‌ಗೆ ನಕಲಿ ಬೇರಿಂಗ್ ಹಾಕಿದರೆ ಬಿಗಿಯ ಲೆಕ್ಕವೇ ತಪ್ಪುತ್ತದೆ, ಏಕೆಂದರೆ ತಕ್ಕಡಿಯ ಮುಳ್ಳು ಅಂದು ಸರಿಯಾಗಿ ತೋರಿಸಿದರೂ ಮೆತ್ತನೆಯ ಉಕ್ಕು ಕೆಲವೇ ದಿನಗಳಲ್ಲಿ ತಗ್ಗುತ್ತದೆ. ಡಬ್ಬಿಯ ಮೇಲಿನ ಹೆಸರಿಗಿಂತ ಬೇರಿಂಗಿನ ಅಂಚಿನಲ್ಲಿ ಕೊರೆದ ಅಕ್ಷರ ನೋಡಿ. ನಕಲಿಯವರು ಡಬ್ಬಿಗೆ ಹಾಕುವ ಶ್ರದ್ಧೆಯನ್ನು ಉಕ್ಕಿಗೆ ಹಾಕುವುದಿಲ್ಲ.

ಇಷ್ಟೆಲ್ಲ ಯಾಕೆ, ಮುಂದಿನ ಶಾಫ್ಟ್ ಕಳಚಿ ಟೂ ವೀಲ್ ಮಾಡಿಬಿಡಿ, ಇಲ್ಲವೇ ಮಾರಿ ಹೊಸದು ಕೊಳ್ಳಿ ಎನ್ನುವವರಿಗೆ ಚುಟುಕಾಗಿ ಹೇಳಬಹುದು. ಶಾಫ್ಟ್ ಕಳಚಿದರೂ ಕಿಂಗ್ ಪಿನ್ ಅಲ್ಲೇ ಇರುತ್ತದೆ, ವಾಬ್ಲಿಂಗೂ. ಹೊಸದು ಅಂದಿರಾ? 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯ ಮುಂದೆಯೂ ಇಡಿಯಾದ ಅಚ್ಚೇ ಇದೆ, ಅದರ ತುದಿಯಲ್ಲಿ ಅದೇ ಉಂಡೆ, ಅದೇ ಕಿಂಗ್ ಪಿನ್. ಈ ವಿದ್ಯೆ ಹಳೆಯ ಗಾಡಿಯೊಂದಿಗೆ ಗುಜರಿಗೆ ಹೋಗುವಂಥದ್ದಲ್ಲ.

ಹಾಗಾದರೆ ಮಾಡಿಸಬೇಕಾದ ಅಪ್‌ಗ್ರೇಡ್ ಯಾವುದು? ಬ್ರೀದರಿನ ಬಾಯಿಗೆ ಪೆಟ್ರೋಲ್ ಪೈಪಿನಂಥ ಒಂದು ಗಜ ರಬ್ಬರ್ ಕೊಳವೆ ಸಿಕ್ಕಿಸಿ, ಅದನ್ನು ಬಾನೆಟ್ಟಿನ ಕೆಳಗೆ ಎತ್ತರದಲ್ಲಿ ತುದಿ ಬಗ್ಗಿಸಿ ಕಟ್ಟುವುದು. ಅಚ್ಚು ಎಷ್ಟೇ ನೀರಿಗೆ ಇಳಿದರೂ ಉಸಿರು ಮೇಲಿನಿಂದ ಬರುತ್ತದೆ. ಒಳ ಸೀಲನ್ನು, ಸೋರದಿದ್ದರೂ, ಬಿಚ್ಚಿದಾಗಲೆಲ್ಲ ಬದಲಾಯಿಸುವುದು. ಉಂಡೆಯ ಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಎಪಾಕ್ಸಿ ತುಂಬಿ, ನೀರು ಹಾಕಿ ಎಮರಿ ಪೇಪರಿನಲ್ಲಿ ಕನ್ನಡಿಯಾಗುವವರೆಗೆ ಉಜ್ಜುವುದು. ಇಡೀ ಕೆಲಸದಲ್ಲಿ ಬೇಸರದ್ದೆಂದರೆ ಇದು, ಹಾಗಾಗಿಯೇ ಎಲ್ಲರೂ ಬಿಡುವುದೂ ಇದನ್ನೇ. ಆದರೆ ಒರಟು ಉಂಡೆಯ ಮೇಲೆ ಕೂರಿಸಿದ ಹೊಸ ಸೀಲು ಒಂದು ಮಳೆಗಾಲವನ್ನೂ ಕಾಣುವುದಿಲ್ಲ. ಹಳೆಯ ಗ್ರೀಸನ್ನು ಪೂರ್ತಿ ತೆಗೆದು ಮಾಲಿಬ್ಡಿನಮ್ ಬೆರೆತ ಲಿಥಿಯಂ ಗ್ರೀಸ್ ತುಂಬುವುದು. ಬೇರೆ ಜಾತಿಯದನ್ನು ಹಳೆಯದರ ಮೇಲೆ ಮೆತ್ತಿದರೆ ಎರಡೂ ಒಡೆದು ನೀರಾಗಬಹುದು. ಕೊನೆಗೆ ತಕ್ಕಡಿ ಹಿಡಿದು ಶಿಮ್ ಹೊಂದಿಸುವುದು. ಆಮೇಲೆ ಒಂದು ಸಾವಿರ ಕಿಲೋಮೀಟರ್ ಓಡಿದ ಮೇಲೆ ಕಿಂಗ್ ಪಿನ್ನಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ, ಚಕ್ರ ಪೂರ್ತಿ ತಿರುಗಿಸಿ ಉಂಡೆಯ ಮೈ ನೋಡಬೇಕು. ಬೆರಳಿಗೆ ಅಂಟಿಯೂ ಅಂಟದಂಥ ತೆಳು ಗ್ರೀಸಿನ ಪೊರೆ ಇದ್ದರೆ ಸೀಲು ತನ್ನ ಕೆಲಸ ಮಾಡುತ್ತಿದೆ. ಒಣಗಿ ಧೂಳು ಹಿಡಿದಿದ್ದರೆ ಒಳಗೆ ಗ್ರೀಸ್ ಸಾಲದು. ಒದ್ದೆಯಾಗಿ ಹೊಳೆಯುತ್ತಾ ಗಂಧಕದ ವಾಸನೆ ಬಂದರೆ ಒಳ ಸೀಲು ಕೂರಿಸುವಾಗ ಓರೆಯಾಗಿದೆ. ಅದನ್ನು ಮತ್ತೆ ಬಿಚ್ಚಬೇಕು.